ಮೊದಲ ರೆಗ್ಯುಲೇಟರ್: ಹೊಸ ಪಿಸ್ಟನ್ನೋ, ಹಳೇ ಡಯಾಫ್ರಮ್ಮೋ?

ಸ್ಕೂಬಾ ಡೈವಿಂಗ್‌ನಲ್ಲಿ ಸಿಲಿಂಡರ್ ಗಾಳಿಯ ಒತ್ತಡ ಇಳಿಸಿ ಬಾಯಿಗೆ ಕೊಡುವ ಸಾಮಾನೇ ರೆಗ್ಯುಲೇಟರ್. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹೊಸ, ಸಾದಾ ಪಿಸ್ಟನ್ ರೆಗ್ಯುಲೇಟರ್‌ಗೆ. ಈ ಬುದ್ಧಿ ಬರುವಷ್ಟರಲ್ಲಿ 22,000 ರೂಪಾಯಿ ಕೈಬಿಟ್ಟಿತ್ತು, ಅರ್ಧ ಸೀಸನ್ ಹಾಳಾಗಿತ್ತು, ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪಕ್ಕೆ ಹೋಗುವ ಬೋಟಿನಲ್ಲಿ ಎಲ್ಲರೆದುರು ಮುಖ ಸಣ್ಣದಾಗಿತ್ತು.

ಸ್ವಂತ ರೆಗ್ಯುಲೇಟರ್ ಯಾಕೆ ಬೇಕಿತ್ತು ಅಂದರೆ, ಬೇಕೇಬೇಕು ಅಂತೇನೂ ಇರಲಿಲ್ಲ. ಮುರುಡೇಶ್ವರದಲ್ಲಿ ಡೈವ್‌ಗೆ ಕೊಡುವ ದುಡ್ಡಿನಲ್ಲೇ ಸಾಮಾನು ಎಲ್ಲ ಸೇರಿರುತ್ತದೆ. ವರ್ಷಕ್ಕೆ ಎರಡು ಸಲ ನೀರಿಗಿಳಿಯುವವರು ಇದನ್ನು ಓದಿ ಸುಮ್ಮನಾಗಿಬಿಡಿ, ದುಡ್ಡು ಉಳಿಯುತ್ತದೆ. ನಾನು ಮಳೆಗಾಲ ಮುಗಿದು ಬೋಟ್ ಶುರುವಾದ ಮೇಲೆ ಮೇ ತನಕ ತಿಂಗಳಿಗೊಮ್ಮೆಯಾದರೂ ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತುವ ಆಸಾಮಿ. ಯಾರ್‍ಯಾರೋ ಕಚ್ಚಿ ಕಚ್ಚಿ ಅಂಚು ಹರಿದ ಮೌತ್‌ಪೀಸ್ ಬಾಯಿಗಿಟ್ಟುಕೊಳ್ಳುವುದು ಸಾಕಾಗಿತ್ತು. ಅಷ್ಟೇ ಕಾರಣ.

ನನ್ನ ಮುಂದೆ ಮೂರು ದಾರಿ ಇದ್ದವು. ಆನ್‌ಲೈನ್‌ನಲ್ಲಿ ಸಿಗುವ, ಹೆಸರೇ ಕೇಳಿರದ ಕಂಪನಿಯ ಅಗ್ಗದ ಮಾಲು ಒಂದು. ಅದನ್ನು ಎರಡೇ ನಿಮಿಷದಲ್ಲಿ ಬಿಟ್ಟೆ. ಇಎನ್ 250 ಅನ್ನುವ ಯುರೋಪಿನ ಮಾನದಂಡದ ಗುರುತು ಅದರ ಮೇಲೆ ಎಲ್ಲೂ ಇರಲಿಲ್ಲ. ಬಿಡಿಭಾಗ ಎಲ್ಲಿ ಸಿಗುತ್ತದೆ ಅಂತ ಕೇಳಿದರೆ ಉತ್ತರವೂ ಇಲ್ಲ. 18 ಮೀಟರ್ ಕೆಳಗೆ ಉಸಿರು ಕೊಡುವ ಸಾಮಾನನ್ನು ಮೊಬೈಲ್ ಕವರ್ ಕೊಂಡ ಹಾಗೆ ಕೊಳ್ಳಲು ಆಗುವುದಿಲ್ಲ.

ಉಳಿದದ್ದು ಎರಡು. ಹೊಸ ಅನ್‌ಬ್ಯಾಲೆನ್ಸ್‌ಡ್ ಪಿಸ್ಟನ್, ಅಥವಾ ಅದಕ್ಕಿಂತ ಕಡಿಮೆ ದುಡ್ಡಿಗೆ ಸೆಕೆಂಡ್ ಹ್ಯಾಂಡ್ ಬ್ಯಾಲೆನ್ಸ್‌ಡ್ ಡಯಾಫ್ರಮ್.

ಹೆಸರು ಕೇಳಿ ಗಾಬರಿಯಾಗಬೇಡಿ. ತುಂಬಿದ ಸಿಲಿಂಡರ್‌ನಲ್ಲಿ ಸುಮಾರು 200 ಬಾರ್ ಒತ್ತಡ ಇರುತ್ತದೆ. ಸಿಲಿಂಡರ್ ಬಾಯಿಗೆ ಕೂರುವ ಫಸ್ಟ್ ಸ್ಟೇಜ್ ಅದನ್ನು ಸುತ್ತಲಿನ ನೀರಿನ ಒತ್ತಡಕ್ಕಿಂತ 9-10 ಬಾರ್ ಜಾಸ್ತಿಗೆ ಇಳಿಸುತ್ತದೆ. ಬಾಯಲ್ಲಿ ಕಚ್ಚುವ ಸೆಕೆಂಡ್ ಸ್ಟೇಜ್ ಉಳಿದದ್ದನ್ನು ಇಳಿಸಿ, ನಾವು ಎಳೆದಾಗ ಮಾತ್ರ ಗಾಳಿ ಬಿಡುತ್ತದೆ. ಅನ್‌ಬ್ಯಾಲೆನ್ಸ್‌ಡ್ ಪಿಸ್ಟನ್‌ನಲ್ಲಿ ಸಿಲಿಂಡರ್ ಖಾಲಿಯಾಗುತ್ತಾ ಬಂದ ಹಾಗೆ ಉಸಿರು ಎಳೆಯುವುದು ಸ್ವಲ್ಪ ಬಿಗಿಯಾಗುತ್ತದೆ. ಬ್ಯಾಲೆನ್ಸ್‌ಡ್‌ನಲ್ಲಿ ಆ ವ್ಯತ್ಯಾಸ ತಿಳಿಯುವುದೇ ಇಲ್ಲ. ಆದರೆ ರಬ್ಬರ್ ಪೊರೆಯಿಂದ ಕೆಲಸ ಮಾಡುವ ಡಯಾಫ್ರಮ್‌ನ ಹೊಟ್ಟೆಯಲ್ಲಿ ಪುಟ್ಟ ಪುಟ್ಟ ಭಾಗಗಳು ಜಾಸ್ತಿ. ಪಿಸ್ಟನ್‌ನಲ್ಲಿ ಅಲುಗಾಡುವುದು ಹೆಚ್ಚುಕಮ್ಮಿ ಒಂದೇ ತುಂಡು. ಸ್ಕೂಬಾಪ್ರೋದ ಎಂಕೆ2, ಕ್ರೆಸ್ಸಿಯ ಎಸಿ2 ಎಲ್ಲ ಈ ಸಾದಾ ಜಾತಿಯವು.

ಬ್ಯಾಲೆನ್ಸ್‌ಡ್ ಅಂದ ತಕ್ಷಣ ಒಳ್ಳೆಯದು ಅಂತ ಅನ್ನಿಸುತ್ತದೆ, ಅಲ್ವಾ? ನನಗೂ ಹಾಗೇ ಅನ್ನಿಸಿತು. ಪರಿಚಯದವರ ಪರಿಚಯದವರೊಬ್ಬರು ವಿದೇಶಕ್ಕೆ ಹೊರಟಿದ್ದರು. ಆಕ್ಟೋಪಸ್ (ಹೆಚ್ಚುವರಿ ಸೆಕೆಂಡ್ ಸ್ಟೇಜ್), ಸಿಲಿಂಡರ್ ಒತ್ತಡ ತೋರಿಸುವ ಗೇಜ್ ಎಲ್ಲ ಸೇರಿ 22,000. "ಹತ್ತು ಡೈವೂ ಆಗಿಲ್ಲ, ಕಬೋರ್ಡ್‌ನಲ್ಲೇ ಇತ್ತು" ಅಂದರು. ಕ್ರೋಮ್ ಫಳಫಳ ಹೊಳೆಯುತ್ತಿತ್ತು. ಹೋಸ್‌ಗಳು ಮೆತ್ತಗಿದ್ದವು. ಸೆಕೆಂಡ್ ಸ್ಟೇಜ್‌ನಿಂದ ಗಾಳಿ ಹೊರಬಿಡುವ ಪರ್ಜ್ ಬಟನ್ ಎರಡು ಸಲ ಒತ್ತಿ ನೋಡಿದೆ, ಗಾಳಿಯೇ ಇಲ್ಲದೆ ಒತ್ತಿದರೆ ಏನು ಗೊತ್ತಾಗುತ್ತದೋ ದೇವರಿಗೇ ಗೊತ್ತು. ಫಸ್ಟ್ ಸ್ಟೇಜ್‌ನ ಬಾಯಿ ಮುಚ್ಚುವ ಡಸ್ಟ್ ಕ್ಯಾಪ್ ತೆಗೆದು ಒಳಗೆ ಇಣುಕಲಿಲ್ಲ. ಈ ಕೊನೆಯ ಮಾತು ನೆನಪಿಟ್ಟುಕೊಳ್ಳಿ.

ಮುಂದಿನ ಶನಿವಾರ ನೇತ್ರಾಣಿಗೆ ಹೊರಟೆವು. ದಡದಿಂದ ದ್ವೀಪಕ್ಕೆ ಒಂದೂವರೆ ಗಂಟೆ ಬೋಟು. ಲಂಗರು ಹಾಕಿದ ಮೇಲೆ ಸಿಲಿಂಡರ್‌ಗೆ ಕೂರಿಸಿ ವಾಲ್ವ್ ಬಿಟ್ಟೆ. ಗೇಜ್ 200 ತೋರಿಸಿತು, ಎರಡು ಉಸಿರು ಎಳೆದೆ, ಬೆಣ್ಣೆ. ಅದನ್ನು ಹಾಗೇ ಬಿಟ್ಟು ಫಿನ್ ಹುಡುಕುತ್ತಿದ್ದೆ. ಅರ್ಧ ನಿಮಿಷಕ್ಕೆ ಸೆಕೆಂಡ್ ಸ್ಟೇಜ್‌ನಿಂದ ಸಣ್ಣಗೆ 'ಸ್ಸ್' ಅಂತ ಸದ್ದು. ಪರ್ಜ್ ಒತ್ತಿದೆ, ನಿಂತಿತು. ಇಪ್ಪತ್ತು ಎಣಿಸುವಷ್ಟರಲ್ಲಿ ಮತ್ತೆ 'ಸ್ಸ್'. ಮತ್ತೆ ಒತ್ತಿದೆ, ನಿಂತಿತು. ಮತ್ತೆ ಶುರು. ನಲ್ಲಿ ತೊಟ್ಟಿಕ್ಕುವುದನ್ನು ಕೇಳುತ್ತಾ ಮಲಗಿದ ಹಾಗೆ, ಒಮ್ಮೆ ಕಿವಿಗೆ ಬಿತ್ತೆಂದರೆ ಬೇರೇನೂ ಕೇಳಿಸುವುದಿಲ್ಲ.

ಇನ್‌ಸ್ಟ್ರಕ್ಟರ್ ಬಂದು ಒಂದು ಪುಟ್ಟ ಗೇಜನ್ನು ಬಿಸಿಡಿಯ (ಗಾಳಿ ತುಂಬಿ ತೇಲುವುದನ್ನು ಹದ ಮಾಡುವ ಜಾಕೆಟ್) ಇನ್‌ಫ್ಲೇಟರ್ ಹೋಸ್‌ಗೆ ಸಿಕ್ಕಿಸಿದರು. ಫಸ್ಟ್ ಸ್ಟೇಜ್ ಇಳಿಸಿಕೊಡುವ ಒತ್ತಡ ತೋರಿಸುವ ಗೇಜ್ ಅದು. ಮುಳ್ಳು 9.5 ಬಾರ್‌ಗೆ ಬಂದು ಅಲ್ಲೇ ನಿಲ್ಲಬೇಕಿತ್ತು. ನಿಲ್ಲಲಿಲ್ಲ. 10, ಆಮೇಲೆ 10.5, 11, ನಿಧಾನಕ್ಕೆ ಆಟೋ ಮೀಟರ್ ಥರ ಏರುತ್ತಲೇ ಹೋಯಿತು. 12ರ ಹತ್ತಿರ ಬಂದಾಗ 'ಸ್ಸ್'. ಫಸ್ಟ್ ಸ್ಟೇಜ್‌ನ ಒಳಗೆ ಗಾಳಿಯ ದಾರಿ ಮುಚ್ಚುವ ಸೀಟ್ ಪೂರ್ತಿ ಮುಚ್ಚಿಕೊಳ್ಳುತ್ತಿಲ್ಲ, ಸಿಲಿಂಡರ್ ಗಾಳಿ ಸೋರಿ ಒತ್ತಡ ಏರುತ್ತಿದೆ, ಅದು ಜಾಸ್ತಿಯಾದಾಗ ಸೆಕೆಂಡ್ ಸ್ಟೇಜ್ ಬಾಯಿಬಿಟ್ಟು ಹೊರಗೆ ಹಾಕುತ್ತಿದೆ. ಇಷ್ಟು ಹೇಳಿ ಅವರು ವಾಲ್ವ್ ಮುಚ್ಚಿದರು. ಗಾಳಿ ನಿಂತುಹೋಗುವ ಬದಲು ಸುರಿಯುವ ಹಾಗೆ ಇವನ್ನು ಮಾಡಿರುತ್ತಾರೆ, ಅದೊಂದು ಪುಣ್ಯ. ಆದರೂ ಅದನ್ನು ಬಾಯಿಗಿಟ್ಟು ಇಳಿಯಲು ಅವರು ಬಿಡಲಿಲ್ಲ. ಬೋಟಿನ ಹುಡುಗ ಕ್ರೇಟ್‌ನಿಂದ ಬಣ್ಣ ಮಾಸಿದ ಒಂದು ಬಾಡಿಗೆ ಸೆಟ್ ತೆಗೆದು ಕೊಟ್ಟ. "ತಗೊಳ್ಳಿ ಸರ್, ಇದು ಮುದುಕ, ಆದ್ರೆ ಮೋಸ ಮಾಡಲ್ಲ." ಹೌದು, ಅದು ಸಾದಾ ಪಿಸ್ಟನ್. ಹರಿದ ಮೌತ್‌ಪೀಸ್ ಸಮೇತ.

ಸರ್ವಿಸ್ ಕಥೆ ಇನ್ನೂ ಉದ್ದ. ಬೆಂಗಳೂರಿನಲ್ಲಿ ಕೇಳಿದ ಕಡೆ "ಮಾಡ್ತೀವಿ, ಆದ್ರೆ ಈ ಮಾಡೆಲ್‌ಗೆ ಕಿಟ್ ಇಲ್ಲ" ಅಂದರು. ಕಿಟ್ ಅಂದರೆ ಸರ್ವಿಸ್‌ನಲ್ಲಿ ಬದಲಿಸುವ ಬಿಡಿಭಾಗಗಳ ಸೆಟ್. ಬೇರೆ ಊರಿನ ಒಂದು ಸರ್ವಿಸ್ ಸೆಂಟರ್‌ಗೆ ಕೊರಿಯರ್ ಮಾಡಿದೆ. ಮಾಡೆಲ್ ಬರುವುದು ನಿಂತು ವರ್ಷಗಳಾಗಿದ್ದವು, ಕಿಟ್ ಹೊರಗಿನಿಂದ ಬರಬೇಕು. "ಎರಡು ವಾರ" ಅಂದದ್ದು ಎರಡೂವರೆ ತಿಂಗಳಾಯಿತು. ಅಷ್ಟು ದಿನ ನಾನು ಸ್ವಂತ ರೆಗ್ಯುಲೇಟರ್ ಇದ್ದೂ ಅದೇ ಮುದುಕನನ್ನು ಕಚ್ಚಿಕೊಂಡು ಡೈವ್ ಮಾಡಿದೆ.

ಬಿಚ್ಚಿದಾಗ ಮೆಕ್ಯಾನಿಕ್ ಎರಡು ಫೋಟೋ ಕಳಿಸಿದ. ಒಂದು, ಸಿಲಿಂಡರ್ ಗಾಳಿ ಒಳಗೆ ಬರುವ ಬಾಯಲ್ಲಿರುವ ಫಿಲ್ಟರ್. ಕಾಳಿನಷ್ಟು ದೊಡ್ಡದು, ಲೋಹದ ಬಣ್ಣ ಇರಬೇಕು. ನನ್ನದರಲ್ಲಿ ಹುಣಸೆಹಣ್ಣು ಕಾಣದ ತಾಮ್ರದ ಚೊಂಬಿನ ಹಾಗೆ ಹಸಿರು ಕಿಲುಬು. ಯಾರೋ ಡಸ್ಟ್ ಕ್ಯಾಪ್ ಹಾಕದೆಯೇ ನೀರಿನಲ್ಲಿ ಅದ್ದಿದ್ದಾರೆ, ಉಪ್ಪುನೀರು ಒಳಗೆ ಹೋಗಿ ಅಲ್ಲೇ ಒಣಗಿದೆ. ಇನ್ನೊಂದು, ಸೀಟ್. ಬಿಳಿ ಪ್ಲಾಸ್ಟಿಕ್ ಮೇಲೆ ಒಂದು ಉಂಗುರದ ಗುರುತು, ಅದಕ್ಕೆ ಅಡ್ಡವಾಗಿ ಕೂದಲೆಳೆಯಷ್ಟು ಗೀರು. ಬೋಟಿನಲ್ಲಿ ನನ್ನ ಮಾನ ತೆಗೆದದ್ದು ಆ ಗೀರು. ಕಂಪನಿಯ ಹೆಸರು ಹೇಳುವುದಿಲ್ಲ, ಯಾಕೆಂದರೆ ತಪ್ಪು ಅವರದ್ದಲ್ಲ. ಡಸ್ಟ್ ಕ್ಯಾಪ್ ತೆಗೆದು ಮೊಬೈಲ್ ಟಾರ್ಚ್ ಬಿಟ್ಟಿದ್ದರೆ ಆ ಹಸಿರು ನನಗೇ ಕಾಣುತ್ತಿತ್ತು.

ಬಿಲ್ಲು 14,500. ಫಸ್ಟ್ ಸ್ಟೇಜ್, ಸೆಕೆಂಡ್ ಸ್ಟೇಜ್, ಆಕ್ಟೋಪಸ್ ಮೂರಕ್ಕೂ ಬೇರೆ ಬೇರೆ ಕಿಟ್, ಕೂಲಿ, ಕೊರಿಯರ್. ಒಟ್ಟು 36,500 ಆಯಿತು.

ಅಷ್ಟರಲ್ಲಿ ರೋಸಿಹೋಗಿ ಹೊಸ ಪಿಸ್ಟನ್ ಸೆಟ್ಟನ್ನೂ ಕೊಂಡಿದ್ದೆ, ಆಕ್ಟೋಪಸ್, ಗೇಜ್ ಸೇರಿ 41,000. "ಹಳೇದ್ರಲ್ಲಿ ನಾಲ್ಕೂವರೆ ಸಾವಿರ ಉಳೀತಲ್ಲ, ಮತ್ತೇನ್ರೀ ಗೋಳು?" ಅಂದಳು ಹೆಂಡತಿ. ಲೆಕ್ಕ ಸರಿ. ಮನೆಯಲ್ಲಿ ಎರಡು ರೆಗ್ಯುಲೇಟರ್ ನೇತಾಡುತ್ತಿರುವುದು ಅವಳ ಲೆಕ್ಕಕ್ಕೆ ಆಮೇಲೆ ಬಂತು.

ಎರಡೂ ಕೈಯಲ್ಲಿದ್ದ ಕಾರಣ ಹೋಲಿಸಿ ನೋಡಲು ಸಾಧ್ಯವಾಯಿತು. ಬೆಳಗ್ಗೆ ಒಂದು, ಎರಡನೇ ಡೈವ್‌ಗೆ ಇನ್ನೊಂದು, ಹೀಗೆ ಮೂರು ಸಲ ಹೋದಾಗಲೂ ಮಾಡಿದೆ. ಮುಚ್ಚುಮರೆ ಇಲ್ಲದೆ ಹೇಳುತ್ತೇನೆ, ಸರ್ವಿಸ್ ಆದ ಮೇಲೆ ಡಯಾಫ್ರಮ್ ಚೆನ್ನಾಗಿತ್ತು. 25 ಮೀಟರ್‌ನಲ್ಲಿ ಸೆಳವಿಗೆ ಎದುರಾಗಿ ಜೋರಾಗಿ ಕಾಲು ಬಡಿದಾಗ ಪಿಸ್ಟನ್‌ಗಿಂತ ಒಂದು ಕೈ ಮೇಲು. ಗೇಜ್ 60 ಬಾರ್‌ಗೆ ಇಳಿದ ಮೇಲೆ ಪಿಸ್ಟನ್ ಕೊಂಚ ಗಟ್ಟಿ, ದಪ್ಪ ಸ್ಟ್ರಾದಿಂದ ತೆಳು ಸ್ಟ್ರಾಗೆ ಬದಲಿಸಿದಷ್ಟು. ಆದರೆ 60 ಬಾರ್ ಆದಾಗ ನಾನು 5 ಮೀಟರ್‌ನಲ್ಲಿ ಹಗ್ಗ ಹಿಡಿದು, ಮೇಲೆ ಬರುವ ಮೊದಲಿನ ಮೂರು ನಿಮಿಷದ ಸೇಫ್ಟಿ ಸ್ಟಾಪ್ ಎಣಿಸುತ್ತಿರುತ್ತೇನೆ. ಅಲ್ಲಿ ಎಳೆಯಲು ಏನು ಕಷ್ಟ? ನಿಜ ಹೇಳಬೇಕೆಂದರೆ ಗಮನ ಇಟ್ಟು ಹುಡುಕದಿದ್ದರೆ ಆ ಬಿಗಿ ಗೊತ್ತೇ ಆಗುತ್ತಿರಲಿಲ್ಲ.

ಡಯಾಫ್ರಮ್ ಪರವಾಗಿ ಹೇಳುವ ಇನ್ನೊಂದು ಮಾತು ಅಂದರೆ ತಣ್ಣೀರಿನಲ್ಲಿ ಒಳಗೆ ಮಂಜುಗಡ್ಡೆ ಕಟ್ಟುವ ಭಯ ಕಡಿಮೆ ಅನ್ನುವುದು. ನಮ್ಮ ಅರಬ್ಬೀ ಸಮುದ್ರದಲ್ಲಿ ನಾನು ತೆಳು ಶಾರ್ಟಿಯಲ್ಲೇ (ಗಿಡ್ಡ ವೆಟ್‌ಸೂಟ್) ಬೆವರುತ್ತೇನೆ. ಇಎನ್ 250 ಗುರುತಿನ ಪಕ್ಕ '10 ಡಿಗ್ರಿಗಿಂತ ಮೇಲೆ ಮಾತ್ರ' ಅಂತ ಗುರುತು ಇದ್ದರೂ ಇಲ್ಲಿಗೆ ಏನೂ ತೊಂದರೆಯಿಲ್ಲ. ಐಸ್‌ಲ್ಯಾಂಡ್‌ಗೆ ಹೋಗುವವರು ಬೇರೆಯವರನ್ನು ಕೇಳಿ.

ಯೋಕೋ ಡಿನ್ನೋ, ಅಂದರೆ ಸಿಲಿಂಡರ್‌ಗೆ ಹಿಡಿಕೆಯಿಂದ ಬಿಗಿಯುವುದೋ, ತಿರುಪಿ ಕೂರಿಸುವುದೋ? ನಾನು ಹೋದ ಕಡೆಯೆಲ್ಲ ಯೋಕ್ ಸಿಲಿಂಡರ್. ಯೋಕೇ ತೆಗೆದುಕೊಂಡೆ.

ಎಂಕೆ2ನಲ್ಲಿ ಹೈ ಪ್ರೆಶರ್ ಪೋರ್ಟ್, ಅಂದರೆ ಗೇಜ್ ಹೋಸ್ ಸಿಕ್ಕಿಸುವ ತೂತು, ಒಂದೇ. ಗೇಜೂ ಬೇಕು, ಕೈಯಲ್ಲಿ ಕಟ್ಟುವ ಡೈವ್ ಕಂಪ್ಯೂಟರ್‌ಗೆ ಒತ್ತಡ ತಿಳಿಸುವ ಟ್ರಾನ್ಸ್‌ಮಿಟರೂ ಬೇಕು ಅನ್ನುವವರು ಪೋರ್ಟ್ ಎಣಿಸಿ ಕೊಳ್ಳಿ. ನನ್ನ ಬಳಿ ಟ್ರಾನ್ಸ್‌ಮಿಟರ್ ಇಲ್ಲ, ಸದ್ಯಕ್ಕೆ ದುಡ್ಡೂ ಇಲ್ಲ.

ನನಗೆ ಪಿಸ್ಟನ್ ಒಗ್ಗಿದ್ದಕ್ಕೆ ದೊಡ್ಡ ಕಾರಣ ಉಸಿರಲ್ಲ, ಸರ್ವಿಸ್. ಕಿಟ್ ಬೆಂಗಳೂರಿನಲ್ಲೇ ಸಿಕ್ಕಿತು. ಮಳೆಗಾಲದಲ್ಲಿ ಕೊಟ್ಟೆ, ಒಂಬತ್ತು ದಿನಕ್ಕೆ ವಾಪಸ್ ಬಂತು, ಸುಮಾರು 6,000 ಆಯಿತು. ನಾನು ಸಾಮಾನು ನೋಡಿಕೊಳ್ಳುವುದರಲ್ಲಿ ಸ್ವಲ್ಪ ಸೋಮಾರಿ ಕೂಡ. ಡೈವ್ ಮುಗಿಸಿ, ಮಧ್ಯಾಹ್ನ ಮೀನೂಟ ಮಾಡಿ, ರಾತ್ರಿ ಬಸ್ಸು ಹತ್ತಿ, ಸೋಮವಾರ ಬೆಳಗ್ಗೆ ಬಚ್ಚಲಲ್ಲಿ ಬಕೆಟ್‌ಗೆ ಅದ್ದುವ ಜಾತಿ. ಪಾರ್ಟ್ಸ್ ಕಡಿಮೆ ಇದ್ದಷ್ಟೂ ನನ್ನಂಥವನ ಕೈಯಲ್ಲಿ ಬಾಳಿಕೆ ಜಾಸ್ತಿ. ಡಸ್ಟ್ ಕ್ಯಾಪ್ ಮಾತ್ರ ಈಗ ಮರೆಯುವುದಿಲ್ಲ. ಸಿಲಿಂಡರ್‌ನಿಂದ ಬಿಚ್ಚಿದ ಕೂಡಲೇ ಒರೆಸಿ, ಬಿಗಿಯಾಗಿ ಮುಚ್ಚಿ, ಆಮೇಲೆಯೇ ಬೇರೆ ಮಾತು. ಬಕೆಟ್ ನೀರಿನಲ್ಲಿ ತೊಳೆಯುವಾಗ ಪರ್ಜ್ ಬಟನ್ ಒತ್ತುವುದೂ ಇಲ್ಲ. ಒತ್ತಿದರೆ ನೀರು ಹೋಸ್ ಹಿಡಿದು ಮೇಲೆ ಹತ್ತುತ್ತದೆ.

ಸೆಕೆಂಡ್ ಹ್ಯಾಂಡ್ ಬೇಡವೇ ಬೇಡ ಅನ್ನುತ್ತಿಲ್ಲ. ಮಾಡೆಲ್‌ಗೆ ಇಲ್ಲಿ ಕಿಟ್ ಸಿಗುತ್ತದಾ ಅಂತ ದುಡ್ಡು ಕೊಡುವ ಮೊದಲು ಫೋನ್ ಮಾಡಿ ಕೇಳಿ. ಸಿಲಿಂಡರ್‌ಗೆ ಹಾಕಿ, ಇನ್‌ಸ್ಟ್ರಕ್ಟರ್ ಸಿಕ್ಕಿಸಿದಂಥ ಪುಟ್ಟ ಗೇಜ್ ಸಿಕ್ಕಿಸಿ, ಹತ್ತು ನಿಮಿಷ ಅದರ ಮುಳ್ಳು ನೋಡುತ್ತಾ ಕೂರಿ. ಸರ್ವಿಸ್ ಖರ್ಚನ್ನು ಮೊದಲೇ ಬೆಲೆಗೆ ಸೇರಿಸಿ ಲೆಕ್ಕ ಹಾಕಿ. ಅದೆಲ್ಲ ಮಾಡಲು ತಾಳ್ಮೆ ಇದ್ದವರಿಗೆ ಒಳ್ಳೇ ಮಾಲು ಸಿಗುತ್ತದೆ. ನನ್ನ ಬಳಿ ಆ ತಾಳ್ಮೆ ಇರಲಿಲ್ಲ, 45,000ದೊಳಗೆ ಮುಗಿಸಬೇಕಿತ್ತು.

ಡಯಾಫ್ರಮ್ಮನ್ನು ಹೋದ ತಿಂಗಳು ಮಾರಿದೆ. ಸರ್ವಿಸ್ ಬಿಲ್ಲು, ಗೀರು ಬಿದ್ದ ಹಳೇ ಸೀಟು ಎಲ್ಲ ಒಂದು ಕವರ್‌ನಲ್ಲಿ ಹಾಕಿಟ್ಟಿದ್ದೆ. ಕೊಳ್ಳಲು ಬಂದ ಹುಡುಗ ಬಿಲ್ಲು ಕೇಳಲಿಲ್ಲ, ಬೆಲೆಯನ್ನೂ ಕೇಳಲಿಲ್ಲ. ಕುರ್ಚಿ ಎಳೆದು ಕೂತು, ಡಸ್ಟ್ ಕ್ಯಾಪ್ ಬಿಚ್ಚಿ, ಮೊಬೈಲ್ ಟಾರ್ಚ್ ಹಚ್ಚಿದ.