ಕಲಬುರಗಿಯಿಂದ ದೆಹಲಿ ಕಡೆಗೆ ಮೂರು ದಾರಿ: ಅವ್ವನ ಜೊತೆ ಹೋಗಿ ನೋಡಿದ್ದು

ನಮ್ಮ ಅಕ್ಕನ ಮನೆ ಸಾಹಿಬಾಬಾದ್‌ನಲ್ಲಿದೆ. ದೆಹಲಿಗೆ ಅಂಟಿಕೊಂಡ ಊರು. ಅವ್ವನನ್ನು ಕರೆದುಕೊಂಡು ಅಲ್ಲಿಗೆ ಮೂರು ಸಲ ಹೋಗಿದ್ದೇನೆ. ಮೂರು ಸಲವೂ ದಾರಿ ಬೇರೆ.

ಒಮ್ಮೆ ನಕ್ಷೆ ತೆಗೆದು ನೋಡಿ. ಕಲಬುರಗಿಯಿಂದ ನೆಟ್ಟಗೆ ಉತ್ತರಕ್ಕೆ ಗೆರೆ ಎಳೆದರೆ ಅದು ದೆಹಲಿ ಹತ್ತಿರವೇ ಹೋಗಿ ಮುಟ್ಟುತ್ತದೆ. ಎರಡೂ ಊರು 77 ಡಿಗ್ರಿ ರೇಖಾಂಶದ ಆಸುಪಾಸಿನಲ್ಲಿವೆ. ನಮ್ಮ ವಿಮಾನ ನಿಲ್ದಾಣದಿಂದ ಗಾಜಿಯಾಬಾದ್‌ನ ಹಿಂಡನ್ ನಿಲ್ದಾಣಕ್ಕೆ ಆಕಾಶದಲ್ಲಿ ಸುಮಾರು 1,260 ಕಿಲೋಮೀಟರ್. ರೈಲು ಹಳಿ ಹಾಗೆ ನೆಟ್ಟಗಿಲ್ಲ. ಕರ್ನಾಟಕ ಎಕ್ಸ್‌ಪ್ರೆಸ್ ಮೊದಲು ಪಶ್ಚಿಮಕ್ಕೆ ಹೊರಳಿ ಸೊಲ್ಲಾಪುರ, ದೌಂಡ್ ನೋಡಿಕೊಂಡು, ಆಮೇಲೆ ಮನ್ಮಾಡ್, ಭೋಪಾಲ್, ಝಾನ್ಸಿ, ಆಗ್ರಾ ಅಂತ ಮೇಲೇರುತ್ತದೆ. 1,800 ಕಿಲೋಮೀಟರ್ ದಾಟುತ್ತದೆ.

ಮೊದಲ ಸಲ ಅದರಲ್ಲೇ ಹೋದೆವು. ಮನೆಯಿಂದ ಅಕ್ಕನ ಬಾಗಿಲಿಗೆ 29 ಗಂಟೆ. ಆದರೆ ಕೆಳಗಿನ ಬರ್ತ್ ಸಿಕ್ಕಿತ್ತು. ಅವ್ವ ಬೇಕೆಂದಾಗ ಮಲಗಿದಳು, ಬೇಕೆಂದಾಗ ಎದ್ದು ಕಟಕ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿದಳು. ತೊಗರಿ ಬೇಳೆಯ ಚೀಲವನ್ನು ತೂಕ ಮಾಡಿ ನೋಡುವ ಗೊಡವೆಯೂ ಇರಲಿಲ್ಲ.

ಎರಡನೇ ಸಲ, 2021ರ ಡಿಸೆಂಬರ್‌ನಲ್ಲಿ, ಸ್ಟಾರ್ ಏರ್‌ನ ಹಿಂಡನ್ ವಿಮಾನ. ನಮ್ಮ ನಿಲ್ದಾಣ ಶುರುವಾದದ್ದೇ 2019ರ ನವೆಂಬರ್ 22ಕ್ಕೆ. ಅಲ್ಲಿಯವರೆಗೆ ವಿಮಾನ ಅಂದರೆ ನಮಗೆ ಹೈದರಾಬಾದ್ ಅಷ್ಟೇ. ಸೇಡಂ ರಸ್ತೆಯಲ್ಲಿ ಅರ್ಧ ಗಂಟೆಗೆ ನಿಲ್ದಾಣ ಮುಟ್ಟಿದೆವು. ಸುಮಾರು 50 ಸೀಟಿನ ಪುಟ್ಟ ಜೆಟ್. ಎರಡು ಗಂಟೆ ಇಪ್ಪತ್ತು ನಿಮಿಷದ ಹಾರಾಟ. ಹಿಂಡನ್ ವಾಯುಪಡೆಯ ನೆಲೆ, ಜನ ಓಡಾಡುವ ಟರ್ಮಿನಲ್ ಚಿಕ್ಕದು. ಬ್ಯಾಗು ಬೇಗ ಬಂತು. ಹೊರಗೆ ಬಂದರೆ ಅಕ್ಕನ ಮನೆಗೆ ಆಟೋ ಸಾಕು. ಒಟ್ಟು ಐದು ಗಂಟೆ. "ಕುಂತು ಸರಿ ಆಗೂದ್ರಾಗ ಇಳೀರಿ ಅಂತಾರಲ್ಲೋ" ಅಂದಳು ಅವ್ವ.

ಮೂರನೇ ಸಲ ಹೋಗುವ ದಿನ ಆ ವಿಮಾನ ಇರಲಿಲ್ಲ. ಹೈದರಾಬಾದ್‌ಗೆ ಕಾರು ಮಾಡಿಕೊಂಡೆವು. ಕಣ್ಣು ತೆರೆಸಿದ್ದು ಈ ಪಯಣವೇ. ಹೈದರಾಬಾದ್‌ನ ವಿಮಾನ ನಿಲ್ದಾಣವಿರುವ ಶಂಷಾಬಾದ್‌ನಿಂದ ದೆಹಲಿಗೂ ಆಕಾಶದ ದೂರ ಹೆಚ್ಚುಕಡಿಮೆ ಅದೇ 1,260 ಕಿಲೋಮೀಟರ್! ವಿಮಾನ ದೊಡ್ಡದು, ಹತ್ತು ನಿಮಿಷ ಮೊದಲೇ ಇಳಿಸಿತು ಅನ್ನಿ. ಆದರೆ ಹುಮನಾಬಾದ್, ಜಹೀರಾಬಾದ್ ಮೇಲೆ ಐದು ಗಂಟೆ ರಸ್ತೆ. ನಿಲ್ದಾಣದಲ್ಲಿ ಎರಡು ಗಂಟೆ. ದೆಹಲಿಯಲ್ಲಿ ಇಳಿದ ಮೇಲೆ ಊರನ್ನು ಈ ತುದಿಯಿಂದ ಆ ತುದಿಗೆ ದಾಟಲು ಟ್ಯಾಕ್ಸಿಯಲ್ಲಿ ಒಂದೂವರೆ ಗಂಟೆ. ಹಾರಾಟವನ್ನೂ ಸೇರಿಸಿದರೆ ಹನ್ನೊಂದು ಗಂಟೆಯ ಹತ್ತಿರ ಬಂತು. ಅವ್ವನ ಕಾಲು ಊದಿಕೊಂಡಿದ್ದು ಇಳಿಯಲು ಎರಡು ದಿನ ಬೇಕಾಯಿತು.

ಹಾಗಂತ ಎಲ್ಲರಿಗೂ ಹಿಂಡನ್ ಒಳ್ಳೆಯದು ಅಂತಲ್ಲ. ಕರೋಲ್ ಬಾಗ್ ಕಡೆಗೋ ಏಮ್ಸ್ ಆಸ್ಪತ್ರೆಗೋ ಹೋಗುವವರಿಗೆ ದೆಹಲಿಯ ದೊಡ್ಡ ನಿಲ್ದಾಣವೇ ವಾಸಿ. ಅಲ್ಲಿಂದ ಮೆಟ್ರೋ ಹತ್ತಿದರೆ ಇಪ್ಪತ್ತು ನಿಮಿಷದ ಆಸುಪಾಸಿನಲ್ಲಿ ನವದೆಹಲಿ ಸ್ಟೇಷನ್. ಇನ್ನು ನಮ್ಮಂಥ ಊರಿನ ಹಾರಾಟ ಇವತ್ತು ಇದ್ದು ನಾಳೆ ನಿಲ್ಲಬಹುದು. ಟಿಕೆಟ್ ನೋಡದೆ ಪ್ಲಾನ್ ಮಾಡಬೇಡಿ.

ನೇರ ವಿಮಾನ ಇದ್ದರೆ ನಾನು ಕಣ್ಣು ಮುಚ್ಚಿ ಅದನ್ನೇ ಹಿಡಿಯುತ್ತೇನೆ. ಇಲ್ಲದಿದ್ದರೆ, ಒಬ್ಬನೇ ಅರ್ಜೆಂಟಾಗಿ ಹೋಗುವಾಗ ಮಾತ್ರ ಹೈದರಾಬಾದ್. ಅವ್ವ ಜೊತೆಗಿದ್ದರೆ ಮತ್ತೆ ಕರ್ನಾಟಕ ಎಕ್ಸ್‌ಪ್ರೆಸ್ಸೇ, ಕೆಳಗಿನ ಬರ್ತ್ ಸಿಗುವ ದಿನ ನೋಡಿಕೊಂಡು.