ಸ್ಮಾರ್ಟ್ ತೂಕದ ಯಂತ್ರ: ತೂಕ ಸರಿ, ಉಳಿದ ಲೆಕ್ಕ ಬೇಡ

ಫೋನಿಗೆ ಜೋಡಿಸುವ ಗಾಜಿನ ತೂಕದ ಯಂತ್ರಗಳು ಯಾವ ಕಂಪನಿಯದಾದರೂ ಒಳಗಿನ ಕೆಲಸ ಹೆಚ್ಚುಕಡಿಮೆ ಒಂದೇ. ತೂಕ ಚೆನ್ನಾಗಿ ತೋರಿಸುತ್ತವೆ. ಜೊತೆಗೆ ಕೊಬ್ಬು, ಸ್ನಾಯು, 'ದೇಹದ ವಯಸ್ಸು' ಅಂತ ಹತ್ತಾರು ಅಂಕಿ ಕೊಡುತ್ತವಲ್ಲ, ಅವುಗಳಿಗಾಗಿ ಹೆಚ್ಚು ದುಡ್ಡು ಕೊಡಬೇಡಿ.

ಸೆನ್ಸರ್‌ಗಳು ಯಂತ್ರದ ಅಡಿಯ ನಾಲ್ಕು ಉಬ್ಬು ಗುಂಡಿಗಳಲ್ಲಿರುತ್ತವೆ. ಚಾಪೆಯ ಮೇಲಿಟ್ಟರೆ, ಟೈಲ್ಸ್ ಸಂದಿಯಲ್ಲಿ ಒಂದು ಗುಂಡಿ ಕೂತರೆ ಲೆಕ್ಕ ತಪ್ಪುತ್ತದೆ. ಜಾಗ ಬದಲಿಸಿದಾಗ ಕಾಲಿಂದ ಒಮ್ಮೆ ಒತ್ತಿ ಬಿಡಿ, 0.0 ಬಂದ ಮೇಲೆ ಹತ್ತಿ. ಪರೀಕ್ಷೆ ಸುಲಭ: ಒಮ್ಮೆ ಬರಿಗೈಯಲ್ಲಿ, ಇನ್ನೊಮ್ಮೆ ಬಿಚ್ಚದ 5 ಕೆ.ಜಿ. ಅಕ್ಕಿ ಚೀಲ ಹಿಡಿದು ನಿಲ್ಲಿ. ವ್ಯತ್ಯಾಸ 5ರ ಆಸುಪಾಸು ಬಂದರೆ ಸಾಕು.

ಕೊಬ್ಬನ್ನು ಯಂತ್ರ ಅಳೆಯುವುದಿಲ್ಲ, ಅಂದಾಜು ಮಾಡುತ್ತದೆ. ಒಂದು ಪಾದದಿಂದ ಇನ್ನೊಂದಕ್ಕೆ ತೀರಾ ಸಣ್ಣ ಕರೆಂಟು ಹರಿಸಿ, ಎಷ್ಟು ತಡೆ ಬಂತೆಂದು ನೋಡಿ, ನೀವು ತುಂಬಿದ ಎತ್ತರ, ವಯಸ್ಸು, ಲಿಂಗ ಸೇರಿಸಿ ಸೂತ್ರಕ್ಕೆ ಹಾಕುತ್ತದೆ. ಆ ಕರೆಂಟು ಓಡಾಡುವುದು ಬಹುಪಾಲು ಕಾಲುಗಳಲ್ಲೇ, ಹೊಟ್ಟೆಯ ಸುದ್ದಿ ಅದಕ್ಕೆ ಅಷ್ಟಾಗಿ ಗೊತ್ತಾಗುವುದಿಲ್ಲ. ನೀರು ಕಡಿಮೆ ಕುಡಿದ ದಿನ, ಅಂಗಾಲು ಒಣಗಿದ್ದ ದಿನ ಕೊಬ್ಬು ಜಾಸ್ತಿ ಕಾಣುತ್ತದೆ. ಆ್ಯಪ್‌ನಲ್ಲಿ ವಯಸ್ಸನ್ನು ಹತ್ತು ವರ್ಷ ಹೆಚ್ಚಿಸಿ ಮತ್ತೆ ಹತ್ತಿ ನೋಡಿ. ಅದೇ ದೇಹ, ಆದರೆ ಸಾಮಾನ್ಯವಾಗಿ ಅಂಕಿ ಬೇರೆ.

ಆ್ಯಪ್ ತೋರಿಸುವ ಕೆಂಪು, ಹಸಿರು ಬಣ್ಣ ನಿಂತಿರುವುದು ಹೆಚ್ಚಾಗಿ ಬಿಎಂಐ ಮೇಲೆ, ಅಂದರೆ ಕೆ.ಜಿ. ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದ ಅಂಕಿಯ ಮೇಲೆ. 19ನೇ ಶತಮಾನದಲ್ಲಿ ಬೆಲ್ಜಿಯಂನ ಸಂಖ್ಯಾಶಾಸ್ತ್ರಜ್ಞ ಅಡಾಲ್ಫ್ ಕೆಟ್ಲೆ ಈ ಸೂತ್ರ ಕಟ್ಟಿದ್ದು ಜನಸಮೂಹದ ಸರಾಸರಿ ತಿಳಿಯಲು, ಒಬ್ಬೊಬ್ಬರ ಆರೋಗ್ಯಕ್ಕೆ ಅಂಕ ಕೊಡಲು ಅಲ್ಲ. ಒಂದು ಆ್ಯಪ್ 'ತೂಕ ಹೆಚ್ಚು' ಅನ್ನುವ ಗೆರೆಯನ್ನು 25ಕ್ಕೆ ಎಳೆದರೆ, ಭಾರತೀಯರಿಗೆಂದು ಇನ್ನೊಂದು 23ಕ್ಕೇ ಎಳೆಯುತ್ತದೆ. 24 ಇರುವವರು ಒಂದರಲ್ಲಿ ಹಸಿರು, ಇನ್ನೊಂದರಲ್ಲಿ ಅಲ್ಲ.

ಹೆಚ್ಚು ಸಂಕಟವಾಗುವುದು ದಿನದಿನದ ಏರಿಳಿತಕ್ಕೆ ಜನ ತಮ್ಮನ್ನೇ ಬೈದುಕೊಳ್ಳುವಾಗ. ಮದುವೆಯಲ್ಲಿ ಪುಳಿಯೋಗರೆ, ಹಪ್ಪಳ, ಉಪ್ಪಿನಕಾಯಿ ತಿಂದ ಮರುದಿನ 1 ಕೆ.ಜಿ. ಏರಿದರೆ ಅದು ಹೆಚ್ಚಾಗಿ ಉಪ್ಪು ಹಿಡಿದಿಟ್ಟ ನೀರು, ಇನ್ನೂ ಹೊಟ್ಟೆಯಲ್ಲಿರುವ ಊಟ. ಅಷ್ಟು ಕೊಬ್ಬು ಕಟ್ಟಲು ಖರ್ಚಿಗಿಂತ ಸುಮಾರು 7,700 ಕ್ಯಾಲೊರಿ ಹೆಚ್ಚು ತಿನ್ನಬೇಕು, ಒಂದು ಊಟದಲ್ಲಿ ಅದು ಆಗದ ಮಾತು. ಮುಟ್ಟಿನ ಮುಂಚಿನ ದಿನಗಳಲ್ಲೂ ನೀರು ನಿಲ್ಲುತ್ತದೆ. ಅನ್ನ ಬಿಟ್ಟ ಮೊದಲ ವಾರ ತೂಕ ಸರ್ರನೆ ಇಳಿಯುವುದೂ ಹೀಗೇ: ದೇಹ ಸಕ್ಕರೆಯನ್ನು ಗ್ಲೈಕೋಜನ್ ಆಗಿ ಕೂಡಿಡುತ್ತದೆ, ಅದರ ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರಿರುತ್ತದೆ, ಅದು ಖಾಲಿಯಾದಾಗ ನೀರೂ ಹೋಗುತ್ತದೆ. ಮತ್ತೆ ಅನ್ನ ಉಂಡಾಗ ಅದು ವಾಪಸಾಗುವುದು ನಾಲಿಗೆ ಚಪಲದ ಶಿಕ್ಷೆಯಲ್ಲ.

ಹೃದಯ ದುರ್ಬಲವಾಗಿ ನೀರು ತುಂಬುವ ತೊಂದರೆ ಇರುವವರಿಗೆ ದಿನಾ ತೂಕ ನೋಡಲು ವೈದ್ಯರೇ ಹೇಳುತ್ತಾರೆ. ಎರಡು ಮೂರು ದಿನದಲ್ಲಿ 2 ಕೆ.ಜಿ. ಏರಿದರೆ ಫೋನ್ ಮಾಡಲೇಬೇಕು. ಅವರಿಗೂ ಬರೀ ತೂಕದ ಸಾದಾ ಯಂತ್ರ ಸಾಕು. ಪೇಸ್‌ಮೇಕರ್ ಇದ್ದರಂತೂ ಕರೆಂಟು ಹರಿಸುವ ಯಂತ್ರ ಹತ್ತಬಾರದು.

ಈಗಾಗಲೇ ಕೊಂಡಿದ್ದರೆ ಆ್ಯಪ್‌ನ ಗುರಿ ತೂಕ ಅಳಿಸಿ, ದಿನಾ ತೂಕ ನೋಡಲು ನೆನಪಿಸುವ ಸೂಚನೆ ನಿಲ್ಲಿಸಿ. ಬೆಳೆಯುವ ಮಕ್ಕಳಿರುವ ಮನೆಯಲ್ಲಿ ಬಚ್ಚಲ ಬಾಗಿಲಲ್ಲಿ ಇಡಬೇಡಿ, ಅಟ್ಟದ ಮೇಲಿರಲಿ.