ಬಣ್ಣವಿಲ್ಲದ ಸೆಸ್ನಾಕ್ಕೆ ಪಾಲಿಶ್ ಮತ್ತು ರಕ್ಷಣಾ ಲೇಪ: ಕೆಲವು ವರ್ಷಗಳ ಬಳಕೆಯ ನಂತರ

ಕ್ಯಾಲಿಫೋರ್ನಿಯಾದ ವಾಟ್ಸನ್‌ವಿಲ್‌ನಲ್ಲಿ ಗೆಳೆಯರೊಬ್ಬರ ಜೊತೆ ಪಾಲುದಾರಿಕೆಯಲ್ಲಿ ಇಟ್ಟುಕೊಂಡಿರುವ 1946ರ ಸೆಸ್ನಾ 140 ಎಂಬ ಪುಟ್ಟ ವಿಮಾನದ ಬಣ್ಣ ಹೊಡೆಯದ ಅಲ್ಯೂಮಿನಿಯಂ ಮೈಗೆ ಕೆಲವು ವರ್ಷಗಳಿಂದ ನ್ಯೂವೈಟ್ ಎಂಬ ಲೋಹದ ಪಾಲಿಶ್ ಬಳಸುತ್ತಿದ್ದೇನೆ. ಒರಟಿನಿಂದ ನಯದವರೆಗಿನ ಅದರ ದರ್ಜೆಗಳ ವಿವರ ಡಬ್ಬಿಯ ಮೇಲೆಯೇ ಇದೆ. ಡಬ್ಬಿ ಚಿಕ್ಕದು, ಬೆಲೆ ದೊಡ್ಡದು ಎಂದು ಮೊದಲು ಗೊಣಗಿದ್ದೆನಾದರೂ, ಬಟಾಣಿ ಗಾತ್ರದ ಒಂದು ಚುಕ್ಕೆ ಗೇಣಗಲದ ತಗಡಿಗೆ ಧಾರಾಳವಾಗಿ ಸಾಲುವುದರಿಂದ ಆ ದೂರು ಉಳಿಯಲಿಲ್ಲ.

ಈ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಕೊನೆಯ ಹಂತ. ಎರಡು ತಲೆಗಳ ಸೈಕ್ಲೋ ಪಾಲಿಶ್ ಯಂತ್ರಕ್ಕೆ ಹಳೆಯ ಸ್ವೆಟ್‌ಶರ್ಟ್‌ನ ಬಟ್ಟೆ ಕಟ್ಟಿ, ಅತಿ ನಯವಾದ ಎಸ್ ದರ್ಜೆಯ ಪಾಲಿಶ್ ಹಚ್ಚಿ ನಿಧಾನವಾಗಿ ಓಡಿಸಿದರೆ, ಹಿಂದಿನ ಹಂತ ಬಿಟ್ಟುಹೋದ ಸುರುಳಿ ಗೆರೆಗಳು ಕಣ್ಣೆದುರೇ ಮಾಯವಾಗುತ್ತವೆ. ರಿವೆಟ್‌ಗಳ ಸುತ್ತ ಕೂರುವ ಕರಿ ಜಿಡ್ಡಿಗೆ ಕಾರ್ನ್‌ಫ್ಲೋರ್ ಉದುರಿಸಿ ಒಣಬಟ್ಟೆಯಿಂದ ಒರೆಸುತ್ತೇನೆ. ರೆಕ್ಕೆಗೆ ಹೊದಿಸಿರುವುದು ಬಟ್ಟೆಯಾದ್ದರಿಂದ ಯಂತ್ರ ಅತ್ತ ಸುಳಿಯುವಂತಿಲ್ಲ. ಹಾರಾಟದ ವೇಗ ಅಳೆಯಲು ಗಾಳಿ ಹಿಡಿಯುವ ಪಿಟೋ ನಳಿಕೆಗೆ ಎದ್ದು ಕಾಣುವ ಕಿತ್ತಳೆ ಬಣ್ಣದ ಹೊದಿಕೆ ಹಾಕಿ, ಕೆಲಸ ಮುಗಿದ ಕೂಡಲೇ ತೆಗೆಯುತ್ತೇನೆ. 1996ರಲ್ಲಿ ಏರೋಪೆರು ಸಂಸ್ಥೆಯ ಬೋಯಿಂಗ್ 757 ಸಮುದ್ರಕ್ಕೆ ಬಿದ್ದು 70 ಜನ ಸತ್ತದ್ದು, ತೊಳೆದು ಪಾಲಿಶ್ ಮಾಡುವಾಗ ಎತ್ತರ, ವೇಗ ತೋರುವ ಮಾಪಕಗಳಿಗೆ ಹೊರಗಿನ ಗಾಳಿಯ ಒತ್ತಡ ತಲುಪಿಸುವ ಸ್ಟ್ಯಾಟಿಕ್ ರಂಧ್ರಗಳಿಗೆ ಅಂಟಿಸಿದ್ದ ಟೇಪನ್ನು ಕೀಳದೆ ಬಿಟ್ಟಿದ್ದರಿಂದ.

ಇಷ್ಟರವರೆಗೆ ಎಲ್ಲವೂ ಸೊಗಸು. ಬೇಸರ ತಂದದ್ದು ಪಾಲಿಶ್‌ನ ಮೇಲೆ ಬಳಿಯಲೆಂದು ಬೇರೊಂದು ಕಂಪನಿಯಿಂದ ಕೊಂಡ ರಕ್ಷಣಾ ಲೇಪ. ಒಂದು ವರ್ಷ ಹೊಳಪು ಕಾಯುತ್ತದೆ ಎಂಬ ಭರವಸೆ ಅದರ ಮೇಲಿತ್ತು. ಮಾಂಟೆರೆ ಕೊಲ್ಲಿಯಿಂದ ಬೇಸಿಗೆಯಿಡೀ ನುಗ್ಗುವ ಉಪ್ಪು ಮಂಜಿಗೆ ಅದು ಒಂದು ಋತುವೂ ನಿಲ್ಲಲಿಲ್ಲ. ಬಾಗಿಲ ಕೆಳಗೂ ಬಾಲದ ಬುಡದಲ್ಲೂ ಹಾಲು ಚೆಲ್ಲಿದಂತಹ ಕಲೆಗಳೆದ್ದವು, ಅವುಗಳ ಅಂಚಿನಿಂದ ಲೇಪ ಏಳತೊಡಗಿತು. ಒಂದು ಕಡೆ ಎದ್ದರೆ ಅಲ್ಲಿಗಷ್ಟೇ ತೇಪೆ ಹಾಕಲಾಗದು. ಆ ತಗಡಿನ ಲೇಪವನ್ನು ಪೂರ್ತಿ ಕಿತ್ತು ಮತ್ತೆ ಮೊದಲಿನಿಂದ ತಿಕ್ಕಬೇಕು.

ಹಣ ಹೋದದ್ದಕ್ಕಿಂತ ಈ ತಿಕ್ಕುವಿಕೆಯೇ ನನಗೆ ಹೆಚ್ಚು ನೋವಿನ ಸಂಗತಿ. ವಿಮಾನದ ಮೈಯಲ್ಲಿರುವ ಆಲ್‌ಕ್ಲ್ಯಾಡ್ ತಗಡಿನ ಒಳಭಾಗ ತಾಮ್ರ ಬೆರೆತ ಗಟ್ಟಿ ಅಲ್ಯೂಮಿನಿಯಂ ಮಿಶ್ರಲೋಹ. ಬಲ ಹೆಚ್ಚು, ಆದರೆ ತುಕ್ಕಿಗೆ ಬೇಗ ತುತ್ತಾಗುತ್ತದೆ. ಅದನ್ನು ಕಾಯುವುದು ಎರಡೂ ಬದಿಗಳಲ್ಲಿ ಹೊದಿಸಿದ ಶುದ್ಧ ಅಲ್ಯೂಮಿನಿಯಂ ಪದರ, ಅದೂ ತೆಳು ತಗಡಿನಲ್ಲಿ ಬದಿಗೆ ಸುಮಾರು 5 ಶೇಕಡಾ ಮಾತ್ರ. 0.025 ಇಂಚಿನ ತಗಡಿಗೆ ಲೆಕ್ಕ ಹಾಕಿದರೆ ಒಂದು ಮಿಲಿಮೀಟರಿನ ನೂರರಲ್ಲಿ ಮೂರು ಭಾಗ. ಪ್ರತಿ ಸಲ ಪಾಲಿಶ್ ಮಾಡಿದಾಗಲೂ ಆ ಪದರದಿಂದಲೇ ಒಂದಿಷ್ಟು ಬಟ್ಟೆಗೆ ಬರುತ್ತದೆ. ಪಾಲಿಶ್‌ನ ಸರದಿ ಕಡಿಮೆ ಮಾಡಬೇಕಿದ್ದ ಲೇಪವೇ ಇನ್ನೊಂದು ಸರದಿಯನ್ನು ಹೇರಿದರೆ, ಅದನ್ನು ರಕ್ಷಣೆಯೆಂದು ಹೇಗೆ ಕರೆಯುವುದು?

ಮಾರಿದವರಿಗೆ ಬರೆದಾಗ, ಬಳಿಯುವ ಮುನ್ನ ಮೇಲ್ಮೈಯಲ್ಲಿ ಎಣ್ಣೆ ಉಳಿದಿರಬೇಕು ಎಂಬ ಸಿದ್ಧ ಉತ್ತರ ಬಂತು. ಅವರೇ ಕಳಿಸಿದ ದ್ರಾವಕದಿಂದ ಒರೆಸಿ, ಬಾಲದ ಒಂದೇ ತಗಡಿಗೆ ಮತ್ತೆ ಬಳಿದು ನೋಡಿದೆ. ಕಲೆ ಮತ್ತೆ ಅದೇ ಜಾಗದಲ್ಲಿ ಎದ್ದಿತು. ಒಣ ಹವೆಯ ಅರಿಜೋನಾದಲ್ಲಿ ಇದೇ ಲೇಪ ಚೆನ್ನಾಗಿ ಬಾಳಬಹುದು, ಅಲ್ಲಿಯವರ ಮಾತನ್ನು ನಾನು ಅಲ್ಲಗಳೆಯುವುದಿಲ್ಲ.

ಈಗ ಲೇಪದ ಹಣವನ್ನು ವಿಮಾನ ನಿಲ್ಲಿಸುವ ಹ್ಯಾಂಗರ್‌ನ ಬಾಡಿಗೆಗೆ ಸೇರಿಸುತ್ತಿದ್ದೇವೆ. ಹಾರಾಟ ಮುಗಿದ ಮೇಲೆ ಸಿಹಿನೀರಿನಿಂದ ತೊಳೆದು, ತಗಡುಗಳು ಒಂದರ ಮೇಲೊಂದು ಕೂರುವ ಅಂಚುಗಳಲ್ಲಿ ತೇವ ನಿಲ್ಲದಂತೆ ಒರೆಸಿ ಒಳಗಿಡುತ್ತೇವೆ. ಮಂಕಾದ ಕಡೆ ಮಾತ್ರ ಎಸ್ ದರ್ಜೆ. ಪಾಲಿಶ್‌ಗೆ ಐದರಲ್ಲಿ ನಾಲ್ಕೂವರೆ, ಲೇಪಕ್ಕೆ ಒಂದು. ಕಡಲ ತೀರದಲ್ಲಿದ್ದು ಹ್ಯಾಂಗರ್ ಸಿಗದವರು ಇವೆರಡನ್ನೂ ಬಿಟ್ಟು ಬಣ್ಣ ಹೊಡೆಸುವುದೇ ಲೇಸು.